ಅಲ್ಟ್ರಾವೈಡ್ ಟೀವಿಗೆ ಪಿಸಿಯಿಂದ 2560×1080 ಕಳ್ಸೋದು ಹೇಗೆ? ಪಟ್ಟಿಲಿ 1920×1080 ಮೇಲೆ ಏನೂ ಬರ್ತಿಲ್ಲ

ಅಗಲಪರದೆ

ನಮಸ್ಕಾರ ಎಲ್ರಿಗೂ. ಹಳೇ 58 ಇಂಚಿನ 21:9 ಟೀವಿ ಒಂದು ಕೈಗೆ ಬಂದಿದೆ, ಪ್ಯಾನೆಲ್ 2560×1080. ಇಂಥವು ಈಗ ಕಾಣೋದೇ ಅಪರೂಪ, ಪ್ಯಾನೆಲ್ ಇನ್ನೂ ಚೆನ್ನಾಗೇ ಇದೆ, ಎಸೆಯೋಕೆ ಮನಸ್ಸಿಲ್ಲ. ಪಿಸಿಗೆ ಎಚ್‌ಡಿಎಂಐನಲ್ಲಿ ಹಾಕಿದ್ರೆ ವಿಂಡೋಸ್‌ನ ರೆಸಲ್ಯೂಶನ್ ಪಟ್ಟಿ 1920×1080ಗೇ ನಿಂತೋಗುತ್ತೆ. ಅದನ್ನ ಟೀವಿ ಎಳೆದು ಪೂರ್ತಿ ಅಗಲಕ್ಕೆ ಹಾಸುತ್ತೆ, ಎಲ್ರ ಮುಖಾನೂ ಊದ್ಕೊಂಡ ಹಾಗೆ ಕಾಣುತ್ತೆ. ಟೀವಿಲಿ 16:9 ಮೋಡ್ ಹಾಕಿದ್ರೆ ಮುಖ ಸರಿ ಹೋಗುತ್ತೆ ಆದ್ರೆ ಎಡಕ್ಕೆ ಬಲಕ್ಕೆ ಕಪ್ಪು ಪಟ್ಟಿ, ಹಾಗಾದ್ರೆ ಅಲ್ಟ್ರಾವೈಡ್ ಇದ್ದು ಏನು ಬಂತು.

ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಸ್ಟಮ್ ರೆಸಲ್ಯೂಶನ್ ಮಾಡಿ 2560, 1080, 60 ಹಾಕಿ ಟೆಸ್ಟ್ ಒತ್ತಿದೆ, ಟೀವಿ ಕಪ್ಪಾಗಿ ಆಮೇಲೆ 'ಈ ಸಿಗ್ನಲ್ ಬೆಂಬಲಿಸಲ್ಲ' ಅನ್ನೋ ಥರ ಮೆಸೇಜ್ ತೋರಿಸ್ತು. ಪ್ಯಾನೆಲ್‌ನ ಸ್ವಂತ ಅಳತೇನೇ ಬೆಂಬಲಿಸಲ್ಲ ಅಂದ್ರೆ ಏನರ್ಥ? ಯಾರಾದ್ರೂ ಮಾಡಿದ್ದೀರಾ?

ತಂತಿ_ತಿಮ್ಮಣ್ಣ

ಮಾಡಿದ್ದೀನಿ, ಆಗುತ್ತೆ, ಆದ್ರೆ ಕಸ್ಟಮ್ ರೆಸಲ್ಯೂಶನ್‌ಗೆ ಕೈ ಹಾಕೋಕೆ ಮುಂಚೆ ಒಂದು ವಿಷ್ಯ ಖಚಿತ ಮಾಡ್ಕೊಳ್ಳಿ ಗುರು, ಎಳೀತಿರೋದು ಯಾರು? ಗ್ರಾಫಿಕ್ಸ್ ಕಾರ್ಡಾ, ಟೀವಿನಾ? ಅರ್ಧ ಜನ ಇದನ್ನ ನೋಡದೇ ಬರೀ ನಂಬರ್ ಬದಲಾಯಿಸ್ತಾ ಕೂತಿರ್ತಾರೆ.

ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಇದೆ, ಅಲ್ಲಿ ಎರಡು ಸಾಲು ಇರುತ್ತೆ, ಡೆಸ್ಕ್‌ಟಾಪ್ ಮೋಡ್ ಒಂದು, ಆಕ್ಟಿವ್ ಸಿಗ್ನಲ್ ಮೋಡ್ ಇನ್ನೊಂದು. ಮೊದಲನೇದು ವಿಂಡೋಸ್ ಬಿಡಿಸ್ತಿರೋ ಚಿತ್ರದ ಅಳತೆ, ಎರಡನೇದು ತಂತಿ ಮೇಲೆ ನಿಜವಾಗ್ಲೂ ಹೋಗ್ತಿರೋದು. ಎರಡೂ ಒಂದೇ ಇರಬೇಕು ಅಂತೇನಿಲ್ಲ. ಡೆಸ್ಕ್‌ಟಾಪ್ 2560×1080 ಅಂತ ಇದ್ದು ಸಿಗ್ನಲ್ 1920×1080 ಇದ್ರೆ ಕಾರ್ಡೇ ಹಿಂಡಿ ಕಳಿಸ್ತಿದೆ ಅಂತ.

ಇನ್ನು ಪಟ್ಟಿಲಿ ಯಾಕೆ ಬರ್ತಿಲ್ಲ ಅಂದ್ರೆ ಇಡಿಐಡಿ. ಕೇಬಲ್ ಚುಚ್ಚಿದ ತಕ್ಷಣ ಟೀವಿ ತನ್ನ ಜಾತಕ ತೆಗೆದು ಕಾರ್ಡ್‌ಗೆ ಕೊಡುತ್ತೆ, ನಾನು ಇಂಥವನು, ಇಂತಿಂಥ ರೆಸಲ್ಯೂಶನ್ ತಗೋತೀನಿ, ಇಷ್ಟು ವೇಗ ತಡ್ಕೋತೀನಿ ಅಂತ. 128 ಬೈಟ್‌ನ ಒಂದು ತುಂಡು, ಟೀವಿಗಳಿಗೆ ಅದರ ಹಿಂದೆ ಇನ್ನೊಂದು 128 ಬೈಟ್ ವಿಸ್ತರಣೆ. ಅದ್ರಲ್ಲಿ 2560×1080 ಬರೆದಿಲ್ಲ ಅಂದ್ರೆ ಕಾರ್ಡ್ ತಾನಾಗೇ ತೋರ್ಸಲ್ಲ. ಬರೆದಿಲ್ಲ ಅಂದ ಮಾತ್ರಕ್ಕೆ ತಗೊಳ್ಳಲ್ಲ ಅಂತಾನೂ ಅಲ್ಲ, ಅಲ್ಲೇ ನಮಗೆ ಜಾಗ ಸಿಗೋದು.

ಮಧ್ಯದಲ್ಲಿ ಏನಾದ್ರೂ ಇದ್ಯಾ? ರಿಸೀವರ್, ಸ್ಪ್ಲಿಟರ್, ಸ್ವಿಚ್, ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐ ಅಡಾಪ್ಟರ್?

ಅಗಲಪರದೆ

ಎರಡೂ ಸಾಲು 1920×1080. ಮಧ್ಯದಲ್ಲಿ ಎವಿ ರಿಸೀವರ್ ಇದೆ, ಸೌಂಡ್ ಅದ್ರಲ್ಲೇ.

ನಿಧಾನವೇ_ಪ್ರಧಾನ

ರಿಸೀವರ್ ಬಿಚ್ಚಿ ನೇರ ಹಾಕಿ ನೋಡಿ. ಟೀವಿ ಕೊಟ್ಟ ಜಾತಕಾನ ರಿಸೀವರ್‌ಗಳು ಹಾಗೇ ದಾಟಿಸಲ್ಲ, ತಮ್ಮ ಆಡಿಯೋ ವಿವರ ಸೇರಿಸಿ, ತಮಗೆ ಗೊತ್ತಿಲ್ಲದ ರೆಸಲ್ಯೂಶನ್ ಕಿತ್ತು, ಹೊಸದಾಗಿ ಬರೆದು ಕೊಡ್ತವೆ.

ಕಡಲಕಾಗೆ

ಎಂತಕ್ಕೆ ಇಷ್ಟೆಲ್ಲ ಕಷ್ಟ ಮಾರಾಯ್ರೆ. ಸ್ಕೇಲಿಂಗ್, ಅಂದ್ರೆ ಚಿತ್ರ ಹಿಗ್ಗಿಸಿ ಕುಗ್ಗಿಸುದು, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮೇಲೆ ಹಾಕಿ, ಫುಲ್ ಸ್ಕ್ರೀನ್ ಕೊಡಿ, ಡೆಸ್ಕ್‌ಟಾಪ್ 2560×1080 ಇಡಿ, ಸಿಗ್ನಲ್ 1920×1080 ಹೋಗಲಿ ಬಿಡಿ. ಕಾರ್ಡ್ ಅಡ್ಡಕ್ಕೆ ಹಿಂಡುದು, ಟೀವಿ ಅಷ್ಟೇ ಎಳೆಯುದು, ಲೆಕ್ಕ ಸಮ ಆಯ್ತಲ್ವಾ, ವೃತ್ತ ವೃತ್ತವಾಗೇ ಕಾಣ್ತದೆ. ಟೀವಿ ಒಪ್ಪುದಿಲ್ಲ ಅಂತ ತಲೆಬಿಸಿಯೇ ಇಲ್ಲ. ನಾನು ಸಿನೆಮಾ ನೋಡ್ಲಿಕ್ಕೆ ಹೀಗೇ ಇಟ್ಟದ್ದು.

ತಂತಿ_ತಿಮ್ಮಣ್ಣ

ಕಾಗೆಯವ್ರು ಹೇಳಿದ್ದು ಕೆಲಸ ಮಾಡುತ್ತೆ, ಸುಳ್ಳಲ್ಲ. ಆದ್ರೆ ಅಡ್ಡಕ್ಕೆ 2560 ಚುಕ್ಕೇನ 1920ಕ್ಕೆ ಇಳಿಸಿದಾಗ ಕಾಲು ಭಾಗ ವಿವರ ಅಲ್ಲೇ ಹೋಯ್ತು, ಟೀವಿ ಅದನ್ನ ಮತ್ತೆ ಎಳೆದು ಊಹೆ ಮೇಲೆ ತುಂಬುತ್ತೆ. ಸಿನೆಮಾದಲ್ಲಿ ಗೊತ್ತಾಗಲ್ಲ, ಅಕ್ಷರದಲ್ಲಿ ಕಣ್ಣಿಗೆ ಹೊಡೆಯುತ್ತೆ. ಅದೂ 58 ಇಂಚಿಗೆ 2560×1080 ಅಂದ್ರೆ ಇಂಚಿಗೆ ಬರೀ 48 ಪಿಕ್ಸೆಲ್, ಮೊದಲೇ ಒರಟು, ಅದರ ಮೇಲೆ ಮಸುಕು ಬೇರೆ. ಕೆಲವು ಟೀವಿಗಳ ಇನ್‌ಪುಟ್ ಬೋರ್ಡ್ ನಿಜಕ್ಕೂ 1080ಪಿ ಬಿಟ್ಟು ಬೇರೇನೂ ಮುಟ್ಟಲ್ಲ, ಪ್ಯಾನೆಲ್ ಎಷ್ಟೇ ಅಗಲ ಇರ್ಲಿ. ಅಂಥದ್ದಕ್ಕೆ ಇದೇ ಕೊನೇ ದಾರಿ, ನಿಜವಾದ 2560 ಬರುತ್ತಾ ಅಂತ ಮೊದಲು ನೋಡೋಣ.

ಅಗಲಪರದೆ

ರಿಸೀವರ್ ತೆಗೆದು ನೇರ ಹಾಕಿದೆ. ಪಟ್ಟಿಲಿ ಈಗ್ಲೂ ಇಲ್ಲ. ಕಸ್ಟಮ್ ಟೆಸ್ಟ್‌ಗೂ ಅದೇ ಮೆಸೇಜ್.

ಗಟ್ಟಿಪಟ್ಟು

ಕಸ್ಟಮ್ ಮಾಡೂ ಕಿಟಕಿಯೊಳಗ ಕೆಳಗ ಟೈಮಿಂಗ್ ಅಂತ ಐತಲ್ರಿ, ಅದರಾಗ ಯಾವ ಸ್ಟ್ಯಾಂಡರ್ಡ್ ಆರಿಸೀರಿ? ಪಿಕ್ಸೆಲ್ ಕ್ಲಾಕ್, ಅಂದ್ರ ಸೆಕೆಂಡಿಗೆ ಎಷ್ಟ ಪಿಕ್ಸೆಲ್ ತಂತಿ ಮ್ಯಾಲ ಹೋಗ್ತಾವು ಅನ್ನೂದು, ಎಷ್ಟ ತೋರಿಸ್ತೈತಿ? ಆ ಒಂದ ನಂಬರ್ ಹೇಳ್ರಿ, ಉಳಿದಿದ್ದ ಆಮ್ಯಾಲ ನೋಡೂಣು.

ಅಗಲಪರದೆ

ಸಿವಿಟಿ ಅಂತ ಇದೆ. ಪಿಕ್ಸೆಲ್ ಕ್ಲಾಕ್ 230 ಮೆಗಾಹರ್ಟ್ಜ್.

ಗಟ್ಟಿಪಟ್ಟು

ಹಾಂ, ಅಲ್ಲೇ ಸಿಕ್ತ ನೋಡ್ರಿ. ಸಿವಿಟಿ ಅಂದ್ರ ಟೈಮಿಂಗ್ ಲೆಕ್ಕ ಹಾಕೂ ಒಂದ ಪದ್ಧತಿ, ಅದರ ಬದಲಿ ಸಿವಿಟಿ ರೆಡ್ಯೂಸ್ಡ್ ಬ್ಲಾಂಕ್ ಆರಿಸ್ರಿ. ಅದ ಬಾಜೂಕ ಇರ್ತೈತಿ.

ಯಾಕಂದ್ರ, 2560×1080 ಅಂತ ನಾವ ಹೇಳೂದು ಕಣ್ಣಿಗೆ ಕಾಣೂ ಪಿಕ್ಸೆಲ್ ಅಷ್ಟ. ತಂತಿ ಮ್ಯಾಲ ಅದರ ಸುತ್ತ ಖಾಲಿ ಜಾಗಾನೂ ಹೋಗ್ತೈತಿ, ಪ್ರತಿ ಸಾಲಿನ ಕೊನಿಗೆ ಒಂದಿಷ್ಟ, ಪ್ರತಿ ಫ್ರೇಮಿನ ಕೊನಿಗೆ ಒಂದಿಷ್ಟ. ಟ್ಯೂಬ್ ಟೀವಿ ಕಾಲದಾಗ ಎಲೆಕ್ಟ್ರಾನ್ ಕಿರಣ ಬಲಗಡಿಯಿಂದ ಎಡಕ್ಕ ವಾಪಸ್ ಬರಾಕ ಟೈಮ್ ಬೇಕಿತ್ತು, ಅದಕ್ಕ ಆ ಖಾಲಿ. ಫ್ಲ್ಯಾಟ್ ಪ್ಯಾನೆಲ್‌ಗೆ ಅಷ್ಟ ಬೇಕಾಗಿಲ್ಲ, ಆದ್ರ ಮಾಮೂಲಿ ಸಿವಿಟಿ ಆ ಹಳೇ ಲೆಕ್ಕಾನ ಹಿಡ್ಕೊಂಡ ಕುಂತೈತಿ. ಹಂಗಾಗಿ ಒಟ್ಟು 3424×1120 ಆಗ್ತೈತಿ, 60ರಿಂದ ಗುಣಿಸ್ರಿ, 230 ಮೆಗಾಹರ್ಟ್ಜ್. ರೆಡ್ಯೂಸ್ಡ್ ಬ್ಲಾಂಕ್‌ನಾಗ ಒಟ್ಟು 2720×1111, ಪಿಕ್ಸೆಲ್ ಕ್ಲಾಕ್ 181.25. ಚಿತ್ರ ಅದ, ಪಿಕ್ಸೆಲ್ ಅಷ್ಟ, ಖಾಲಿ ಜಾಗ ಕಡಿಮಿ.

ಈಗ ಇದನ್ನ ಪೋರ್ಟ್ ಜೋಡಿ ಹೊಂದಿಸಿ ನೋಡ್ರಿ. ಬಾಳ ಹಳೇ ಕಾರ್ಡು, ಸಿಂಗಲ್ ಲಿಂಕ್ ಡಿವಿಐ, ಅಗ್ಗದ ಅಡಾಪ್ಟರು, ಇವು 165 ಮೆಗಾಹರ್ಟ್ಜ್‌ಗೆ ನಿಲ್ಲತಾವು. ಆ ಕಾಲದ ಎಷ್ಟೋ 1080ಪಿ ಟೀವಿಗಳ ಇಡಿಐಡಿಯಾಗ 225 ಅಂತ ಬರದಿರ್ತೈತಿ. ಎಚ್‌ಡಿಎಂಐ 1.4 ಪೂರ್ತಿ ಇದ್ರ 340, 2.0ಕ್ಕ 600. ನಿಮ್ಮ ಟೀವಿ 225ರದ್ದ ಇದ್ರ 230 ಕಳಿಸಿದ್ರ ಹೆಂಗ ತಗೊಂತೈತಿ, ಕೈ ಎತ್ತಿ ಬಿಡ್ತೈತಿ. 181ಕ್ಕ ತಕರಾರ ಇರಂಗಿಲ್ಲ. 2560 ಅನ್ನೂ ನಂಬರಿಗೆ ಅಂಜಬ್ಯಾಡ್ರಿ, ಪಿಕ್ಸೆಲ್ ಕ್ಲಾಕಿಗೆ ಅಂಜ್ರಿ.

ಅಗಲಪರದೆ

ಬಂತು!!! ರೆಡ್ಯೂಸ್ಡ್ ಬ್ಲಾಂಕ್ ಹಾಕಿ ಟೆಸ್ಟ್ ಒತ್ತಿದೆ, ಟೀವಿ ಒಂದು ಕ್ಷಣ ಕಪ್ಪಾಗಿ ಪೂರ್ತಿ ಅಗಲಕ್ಕೆ ಡೆಸ್ಕ್‌ಟಾಪ್ ಬಂದು ಕೂತ್ಕೊಂಡ್ತು. ಟೀವಿ ಇನ್ಫೋ ಬಟನ್ ಒತ್ತಿದ್ರೆ ಅಲ್ಲೂ 2560×1080 ಅಂತಿದೆ. ಗಟ್ಟಿಪಟ್ಟು ಅಣ್ಣಾ, ಶರಣು.

ಎರಡು ತೊಂದ್ರೆ ಉಳಿದಿದೆ. ಒಂದು, ನಾಲ್ಕೂ ಅಂಚು ಸ್ವಲ್ಪ ಆಚೆ ಹೋಗಿದೆ, ಟಾಸ್ಕ್‌ಬಾರ್ ಕೆಳಗೆ ಅರ್ಧ ಮುಳುಗಿದೆ. ಎರಡು, ಕೆಂಪು ಬಣ್ಣದ ಅಕ್ಷರ ಓದೋಕೇ ಆಗ್ತಿಲ್ಲ, ಸುತ್ತ ಏನೋ ಹರಡಿದ ಹಾಗೆ.

ತಂತಿ_ತಿಮ್ಮಣ್ಣ

ಮೊದಲನೇದು ಓವರ್‌ಸ್ಕ್ಯಾನ್. ಹಳೇ ಪ್ರಸಾರದಲ್ಲಿ ಚಿತ್ರದ ಅಂಚಿನ ಕಸ ಮುಚ್ಚೋಕೆ ಟೀವಿಗಳು ಸ್ವಲ್ಪ ಹಿಗ್ಗಿಸಿ ತೋರಿಸ್ತಿದ್ವು, ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಟೀವಿಯ ಪಿಕ್ಚರ್ ಸೈಜ್ ಮೆನುಲಿ ಜಸ್ಟ್ ಸ್ಕ್ಯಾನ್, ಫಿಟ್ ಟು ಸ್ಕ್ರೀನ್, ಡಾಟ್ ಬೈ ಡಾಟ್, ಅನ್‌ಸ್ಕೇಲ್ಡ್, ಕಂಪನಿಗೊಂದು ಹೆಸರು, ಅದನ್ನ ಹುಡುಕಿ. ದಯವಿಟ್ಟು ಡ್ರೈವರ್‌ನಲ್ಲಿ ಡೆಸ್ಕ್‌ಟಾಪ್ ಸೈಜ್ ಕುಗ್ಗಿಸೋ ಸ್ಲೈಡರ್ ಮುಟ್ಟಬೇಡಿ, ಕಾರ್ಡ್ ಕುಗ್ಗಿಸಿ ಟೀವಿ ಹಿಗ್ಗಿಸಿ ಎರಡೆರಡು ಸಲ ಸ್ಕೇಲ್ ಆಗಿ ಎಲ್ಲಾ ಮಸುಕಾಗುತ್ತೆ.

ಎರಡನೇದು ಕ್ರೋಮಾ. ಟೀವಿ ಒಳಗೆ ಬಣ್ಣದ ವಿವರಾನ ಅರ್ಧಕ್ಕೆ ಇಳಿಸ್ಕೊಂಡಿರುತ್ತೆ, ಬೆಳಕಿನ ವಿವರ ಮಾತ್ರ ಪೂರ್ತಿ. ಸಿನೆಮಾಗೆ ಪರವಾಗಿಲ್ಲ, ಕೆಂಪು ನೀಲಿ ಅಕ್ಷರಕ್ಕೆ ಅಲ್ಲ. ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನ ಪಿಸಿ ಅಂತ ಬದಲಾಯಿಸಿ ನೋಡಿ, ಎಷ್ಟೋ ಟೀವಿಗಳಲ್ಲಿ ಅದೊಂದು ಹೆಸರು ಕೊಟ್ರೆ ಸಾಕು 4:4:4, ಅಂದ್ರೆ ಬಣ್ಣದ ವಿವರಾನೂ ಪೂರ್ತಿ ಇರೋದು, ಶುರುವಾಗುತ್ತೆ. ತಮಾಷೆ ಅಲ್ಲ, ನಿಜ.

ಹಾಗೇ ಕಲರ್ ಸೆಟ್ಟಿಂಗ್‌ನಲ್ಲಿ ಆರ್‌ಜಿಬಿ, ಔಟ್‌ಪುಟ್ ಡೈನಾಮಿಕ್ ರೇಂಜ್ ಫುಲ್ ಇದ್ಯಾ ನೋಡ್ಕೊಳ್ಳಿ. ಟೀವಿ ಅಂತ ಗೊತ್ತಾದ್ರೆ ಕಾರ್ಡ್ ಕೆಲವು ಸಲ 16ರಿಂದ 235ರ ಲಿಮಿಟೆಡ್ ರೇಂಜ್ ಕಳಿಸುತ್ತೆ. ಟೀವಿ ಒಂದು ಅಂದ್ಕೊಂಡು ಕಾರ್ಡ್ ಇನ್ನೊಂದು ಕಳಿಸಿದ್ರೆ ಕಪ್ಪು ಬೂದು ಬಣ್ಣ ಆಗುತ್ತೆ, ಇಲ್ಲಾ ಕತ್ತಲಿನ ವಿವರವೆಲ್ಲ ಮುಚ್ಚೋಗುತ್ತೆ.

ನಿಧಾನವೇ_ಪ್ರಧಾನ

ಎಲ್ಲಾ ಸರಿ ಆಯ್ತು ಅಂತ ಕಣ್ಣಂದಾಜಲ್ಲಿ ಬಿಡಬೇಡಿ, ಅಳೆದು ನೋಡಿ. ಪೇಂಟ್‌ನಲ್ಲಿ ಶಿಫ್ಟ್ ಹಿಡಿದು ದೊಡ್ಡ ವೃತ್ತ ಬಿಡಿಸಿ, ಪರದೆ ಮೇಲೆ ಟೇಪ್ ಇಟ್ಟು ಅಳೀರಿ. 1920×1080ನ ಟೀವಿ ಎಳೀತಿದ್ರೆ 30 ಸೆಂಟಿಮೀಟರ್ ಎತ್ತರದ ವೃತ್ತ 40 ಸೆಂಟಿಮೀಟರ್ ಅಗಲ ಇರುತ್ತೆ, ಸರಿ ಇದ್ರೆ ಎರಡೂ ಸಮ. ಇದು ಆಕಾರಕ್ಕೆ.

ಪಿಕ್ಸೆಲ್‌ಗೆ ಪಿಕ್ಸೆಲ್ ಕೂತಿದ್ಯಾ ಅಂತ ನೋಡೋಕೆ ಬೇರೆ ಪರೀಕ್ಷೆ. ಒಂದು ಪಿಕ್ಸೆಲ್ ಕಪ್ಪು ಒಂದು ಪಿಕ್ಸೆಲ್ ಬಿಳಿ, ಹೀಗೆ ನಿಂತ ಗೆರೆಗಳ 2560×1080 ಚಿತ್ರ ಮಾಡಿ, ಜೂಮ್ ಇಲ್ಲದೆ ಪೂರ್ತಿ ಪರದೆಗೆ ಹಾಕಿ, ವಿಂಡೋಸ್ ಸ್ಕೇಲ್ 100 ಪರ್ಸೆಂಟ್ ಇರ್ಲಿ. ಹತ್ರ ಹೋದ್ರೆ ಎಲ್ಲಾ ಗೆರೆ ಒಂದೇ ಸಮ ಕಾಣ್ಬೇಕು. ಅಲ್ಲಲ್ಲಿ ಬೂದು ಪಟ್ಟೆ, ಅಲೆ ಅಲೆ ಬಂದ್ರೆ ಇನ್ನೂ ಎಲ್ಲೋ ಸ್ಕೇಲಿಂಗ್ ಆಗ್ತಿದೆ. ವೃತ್ತ ಪಾಸಾಗಿ ಗೆರೆ ಫೇಲಾಗೋದು ತುಂಬಾ ಸಾಮಾನ್ಯ, ಕಾಗೆಯವ್ರ ಸೆಟಪ್ ಹಾಗೇ.

ಕಡಲಕಾಗೆ

ನನ್ನ ಸೆಟಪ್ ನಂಗೆ ಸಾಕು ಬಿಡಿ, ನಾನು ಟೀವಿಯಲ್ಲಿ ಎಕ್ಸೆಲ್ ಮಾಡ್ಲಿಕ್ಕೆ ಕೂತವ ಅಲ್ಲ 😀

ರಾತ್ರಿಗೇಮರ್

ಮಧ್ಯೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ. ನಂದು ಮಾಮೂಲಿ 16:9 4ಕೆ ಟೀವಿ, ಗೇಮ್ ಮಾತ್ರ 21:9ನಲ್ಲಿ ಆಡ್ಬೇಕು, ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದ್ರೂ ಓಕೆ. 3840×1600 ಹಾಕ್ಲಾ 3840×1620 ಹಾಕ್ಲಾ? ಹಾಕಿದ್ರೆ ಟೀವಿ ಮೇಲೆ ಕೆಳಗೆ ಎಳೆದು ಎಲ್ರೂ ಉದ್ದುದ್ದ ಆಗ್ತಾರೆ.

ತಂತಿ_ತಿಮ್ಮಣ್ಣ

ನಿಮ್ಮದು ಅಗಲಪರದೆಯವ್ರ ಕೇಸ್‌ಗೆ ಪೂರ್ತಿ ಉಲ್ಟಾ. ಅವ್ರಿಗೆ ಹೊಸ ಸಿಗ್ನಲ್ ಟೀವಿ ತಗೋಬೇಕಿತ್ತು, ನಿಮಗೆ ಟೀವಿಗೆ ಹೊಸ ಸಿಗ್ನಲ್ ಹೋಗೋದೇ ಬೇಡ. ಸ್ಕೇಲಿಂಗ್‌ನ ಜಿಪಿಯು ಮೇಲೆ ಇಡಿ, ಮೋಡ್ ಆಸ್ಪೆಕ್ಟ್ ರೇಶಿಯೋ ಅಥವಾ ನೋ ಸ್ಕೇಲಿಂಗ್, ಆಮೇಲೆ 3840×1600 ಮಾಡಿ. ಕಾರ್ಡೇ ಕಪ್ಪು ಪಟ್ಟಿ ಬಳಿದು ಪೂರ್ತಿ 3840×2160 ಕಳಿಸುತ್ತೆ, ಟೀವಿಗೆ ಏನೂ ಗೊತ್ತಾಗಲ್ಲ. ಅಡ್ವಾನ್ಸ್ಡ್ ಡಿಸ್‌ಪ್ಲೇಲಿ ಡೆಸ್ಕ್‌ಟಾಪ್ 3840×1600, ಸಿಗ್ನಲ್ 3840×2160 ಅಂತ ಕಂಡ್ರೆ ಸರಿಯಾಗಿದೆ. ಎಎಂಡಿಲಿ ಜಿಪಿಯು ಸ್ಕೇಲಿಂಗ್ ಆನ್ ಮಾಡಿ, ಸ್ಕೇಲಿಂಗ್ ಮೋಡ್‌ನಲ್ಲಿ ಪ್ರಿಸರ್ವ್ ಆಸ್ಪೆಕ್ಟ್ ರೇಶಿಯೋ ಅಥವಾ ಸೆಂಟರ್.

ಈಚಿನ ಕೆಲವು ಟೀವಿಗಳ ಗೇಮ್ ಮೆನುಲೇ 21:9, 32:9 ಆಯ್ಕೆ ಇದೆ, ಸ್ಯಾಮ್‌ಸಂಗ್ 2021ರ ಮಾಡೆಲ್‌ಗಳಿಂದ ಅದನ್ನ ಗೇಮ್ ಬಾರ್‌ನಲ್ಲಿ ಕೊಡ್ತಿದೆ. ಅಲ್ಲಿ ಪಟ್ಟಿ ಬಳಿಯೋದು ಟೀವಿ. ಇದ್ರೆ ಬಳಸಿ, ಇಲ್ಲಾಂದ್ರೆ ಮೇಲಿನ ದಾರಿ ಯಾವ ಟೀವಿಗಾದ್ರೂ ಆಗುತ್ತೆ.

ಲಾಭ ಇದೆ. 3840×1600 ಅಂದ್ರೆ ಸುಮಾರು 61 ಲಕ್ಷ ಪಿಕ್ಸೆಲ್, ಪೂರ್ತಿ 4ಕೆ ಸುಮಾರು 83 ಲಕ್ಷ. ಕಾರ್ಡ್ ಬಿಡಿಸೋದು ನೂರಕ್ಕೆ 26 ಕಡಿಮೆ, ಫ್ರೇಮ್ ರೇಟ್ ಅಷ್ಟು ಉಸಿರಾಡುತ್ತೆ. ಓಲೆಡ್ ಟೀವಿ ಆದ್ರೆ ಮಾತ್ರ ದಿನಾ ಗಂಟೆಗಟ್ಟಲೆ ಕಪ್ಪು ಪಟ್ಟಿ ಇಟ್ಟು ಆಡಬೇಡಿ, ನಡುವಿನ ಭಾಗ ಸವೀತಾ ಹೋಗುತ್ತೆ, ಮೇಲೆ ಕೆಳಗಿನ ಪಟ್ಟಿ ಹೊಸದಾಗೇ ಉಳಿಯುತ್ತೆ, ಮುಂದೆ ಪೂರ್ತಿ ಪರದೆ ಚಿತ್ರ ಹಾಕಿದಾಗ ಆ ವ್ಯತ್ಯಾಸ ಕಾಣಬಹುದು.

ಅಂಕೆಸಂಖ್ಯೆ

1600ಆ 1620ಆ ಅನ್ನೋ ಪ್ರಶ್ನೆ ಯಾರೂ ಮುಟ್ಲಿಲ್ಲ, ಹಾಗಾಗಿ ನಾನು. 21:9 ಅಂತ ಡಬ್ಬಿ ಮೇಲೆ ಬರೆದಿರೋ ಈ ಟೀವಿ, ಮಾನಿಟರ್‌ಗಳು ನಿಜವಾಗಿ 21:9 ಅಲ್ಲ, ಲೆಕ್ಕ ಹಾಕಿದ್ರೆ ಅದು 2.33 ಆಗ್ಬೇಕು. 2560×1080 ಮತ್ತು 5120×2160 ಎರಡೂ 64:27, ಅಂದ್ರೆ 2.37. ಇದು 4:3ನ ಮೂರು ಸಲ ಗುಣಿಸಿದ್ರೆ ಬರೋ ಸಂಖ್ಯೆ, ಎರಡು ಸಲ ಗುಣಿಸಿದ್ರೆ 16:9. 3440×1440 ಅಂದ್ರೆ 2.39, 3840×1600 ಅಂದ್ರೆ 2.4. ನಿಮ್ಮ 3840×1620 ಕರಾರುವಾಕ್ಕಾಗಿ 64:27. ಗೇಮ್‌ಗೆ ಯಾವ್ದಾದ್ರೂ ನಡೆಯುತ್ತೆ, ಆದ್ರೆ ಗೇಮ್‌ಗಳು ಗೊತ್ತಿರೋ ರೆಸಲ್ಯೂಶನ್ ಕಂಡ್ರೆ ಕಡಿಮೆ ರಗಳೆ ಮಾಡ್ತವೆ, 3840×1600 ಮಾನಿಟರ್‌ಗಳು ಮಾರ್ಕೆಟ್‌ನಲ್ಲಿ ಇರೋದ್ರಿಂದ ಅದೇ ಇಟ್ಕೊಳ್ಳಿ.

ಮತ್ತೆ ಅಗಲಪರದೆಯವ್ರ ಟೀವಿ ಯಾಕೆ ತನ್ನ ಅಳತೇನ ತಾನೇ ಹೇಳ್ಕೊಳ್ಳಲ್ಲ ಅನ್ನೋದಕ್ಕೂ ಒಂದು ಕಾರಣ ಇದೆ. ಫಿಲಿಪ್ಸ್ ಸಿನೆಮಾ 21:9 ಬಂದಿದ್ದು 2009ರಲ್ಲಿ, ವಿಜಿಯೋದ 58 ಇಂಚು 2012ರಲ್ಲಿ. ಟೀವಿ ರೆಸಲ್ಯೂಶನ್‌ಗಳಿಗೆ ನಂಬರ್ ಕೊಡೋ ಸಿಇಎ-861 ಪಟ್ಟಿಗೆ 2560×1080 ಸೇರಿದ್ದು 2013ರ ಎಫ್ ಆವೃತ್ತಿಲಿ, 60 ಹರ್ಟ್ಜ್‌ನದ್ದಕ್ಕೆ 90ನೇ ನಂಬರ್. ಅದಕ್ಕಿಂತ ಮುಂಚಿನ ಟೀವಿ ಆ ನಂಬರ್ ಹೇಳೋದು ಹೇಗೆ? ಅಂದಹಾಗೆ ಆ 90ನೇ ನಂಬರ್‌ನ ಟೈಮಿಂಗ್ ರೆಡ್ಯೂಸ್ಡ್ ಬ್ಲಾಂಕ್ ಅಲ್ಲ, ಒಟ್ಟು 3000×1100, 198 ಮೆಗಾಹರ್ಟ್ಜ್. 181.25 ಒಪ್ಪದ ಟೀವಿ ಯಾರ ಹತ್ರಾನಾದ್ರೂ ಇದ್ರೆ ಟೈಮಿಂಗ್‌ನ ಮ್ಯಾನ್ಯುಅಲ್ ಆಯ್ಕೇಲಿ ಇದನ್ನ ಹಾಕಿ ನೋಡಿ.

ರಾತ್ರಿಗೇಮರ್

ತಿಮ್ಮಣ್ಣ ಹೇಳಿದ ಹಾಗೆ ಮಾಡಿದೆ, ಬಂತು, ಪಟ್ಟಿ ಕೂಡ ಪಕ್ಕಾ ಕಪ್ಪು. ಗೇಮ್ ಕನ್ಸೋಲ್‌ನಲ್ಲಿ ಈ ಥರ ಮಾಡೋಕಾಗುತ್ತಾ?

ತಂತಿ_ತಿಮ್ಮಣ್ಣ

ಇಲ್ಲ. ಪ್ಲೇಸ್ಟೇಶನ್ 5 ಆಗ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಆಗ್ಲಿ 21:9 ಸಿಗ್ನಲ್ ಕೊಡಲ್ಲ.

ಸುಮ್ನೆಓದುವವಳು

ನಾನು ಸುಮ್ನೆ ಓದ್ತಾ ಇದ್ದೆ, ಈಗ ಕೇಳ್ಲೇಬೇಕಾಯ್ತು. ನಂದು ಲ್ಯಾಪ್‌ಟಾಪು, ಎನ್ವಿಡಿಯಾ ಕಾರ್ಡ್ ಇದೆ ಆದ್ರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಿಸ್‌ಪ್ಲೇ ಅನ್ನೋ ವಿಭಾಗಾನೇ ಇಲ್ಲ. ಸಿಆರ್‌ಯು (ಕಸ್ಟಮ್ ರೆಸಲ್ಯೂಶನ್ ಯುಟಿಲಿಟಿ) ಅಂತ ಒಂದು ಸಣ್ಣ ಪ್ರೋಗ್ರಾಂ ಬಗ್ಗೆ ಎಲ್ಲಾ ಕಡೆ ಹೇಳ್ತಾರೆ, ಟೀವಿ ಹಾಳಾಗಲ್ವಾ? ಪರದೆ ಕಪ್ಪಾಗಿ ನಿಂತೋದ್ರೆ ಏನ್ ಮಾಡೋದು?

ಗಟ್ಟಿಪಟ್ಟು

ಅಕ್ಕಾರ, ಡಿಸ್‌ಪ್ಲೇ ವಿಭಾಗ ಕಾಣಂಗಿಲ್ಲ ಅಂದ್ರ ನಿಮ್ಮ ಲ್ಯಾಪ್‌ಟಾಪಿನ ಎಚ್‌ಡಿಎಂಐ ತಂತಿ ಇಂಟೆಲ್ ಅಥವಾ ಎಎಂಡಿಯ ಒಳಗಿನ ಗ್ರಾಫಿಕ್ಸ್‌ಗೆ ಹೋಗೇತಿ ಅಂತ ಅರ್ಥ. ಎನ್ವಿಡಿಯಾ ಚಿತ್ರ ಬಿಡಿಸಿ ಅದರ ಕೈಯಾಗ ಕೊಡ್ತೈತಿ ಅಷ್ಟ, ಕಳಸೂದು ಅದ. ಹಂಗಾಗಿ ಕಸ್ಟಮ್ ಮಾಡೂದಿದ್ರ ಆ ಡ್ರೈವರಿನಾಗ ಮಾಡ್ಬೇಕು, ಇಲ್ಲಾ ಸಿಆರ್‌ಯು.

ಸಿಆರ್‌ಯು ಟೀವಿಗೆ ಏನೂ ಬರಿಯಂಗಿಲ್ಲ, ಅಂಜಬ್ಯಾಡ್ರಿ. ಟೀವಿ ಕೊಟ್ಟ ಜಾತಕದ ಒಂದ ನಕಲು ವಿಂಡೋಸ್ ರಿಜಿಸ್ಟ್ರಿಯೊಳಗ ಇಟ್ಟು, ತಿದ್ದಿದ್ದನ್ನ ಡ್ರೈವರಿಗೆ ತೋರಿಸ್ತೈತಿ. ಟೀವಿ ಚಿಪ್ಪಿನೊಳಗ ಇರೂ ಅಸಲಿ ಹಂಗ ಇರ್ತೈತಿ. ಇಡಿಐಡಿ ಚಿಪ್ಪಿಗೇ ನೇರ ಬರಿಯೂ ಪ್ರೋಗ್ರಾಂ ಬ್ಯಾರೆ ಅದಾವು, ಅವನ್ನ ಮಾತ್ರ ಮುಟ್ಟಬ್ಯಾಡ್ರಿ.

ಕೆಲಸ ಹಿಂಗ. ಮ್ಯಾಲಿನ ಪಟ್ಟಿಯಿಂದ ಟೀವಿ ಆರಿಸ್ರಿ, ಡೀಟೇಲ್ಡ್ ರೆಸಲ್ಯೂಶನ್ಸ್ ಅನ್ನೂ ಡಬ್ಬಿಯಾಗ ಆಡ್ ಒತ್ರಿ, 2560, 1080, 60 ಹಾಕ್ರಿ, ಟೈಮಿಂಗ್ ಸಿವಿಟಿ-ಆರ್‌ಬಿ. ಅದನ್ನ ಬಾಣದ ಗುಂಡಿಯಿಂದ ಮ್ಯಾಲಕ್ಕ ಏರಿಸಿ ಮೊದಲನೇದಾಗಿ ಇಡ್ರಿ, ಮೊದಲನೇದ ಟೀವಿಯ ಸ್ವಂತ ಅಳತಿ ಅಂತ ವಿಂಡೋಸ್ ತಿಳ್ಕೊಂತೈತಿ. ಓಕೆ ಕೊಟ್ಟು, ಜೊತಿಗೆ ಬಂದಿರೂ ರೀಸ್ಟಾರ್ಟ್ ಫೈಲ್ ಓಡಿಸ್ರಿ, ಇಲ್ಲಾ ಮಷೀನ್ ರೀಬೂಟ್ ಮಾಡ್ರಿ.

ಕಪ್ಪಾಗಿ ನಿಂತ್ರ, ಬ್ಯಾರೆ ಮಾನಿಟರ್ ಚುಚ್ಚಿ ನೋಡ್ರಿ, ತಿದ್ದಿದ್ದು ಆ ಟೀವಿಯ ಹೆಸರಿಗಷ್ಟ ಇರೂದ್ರಿಂದ ಬ್ಯಾರೆ ಮಾನಿಟರ್ ಸುಮ್ನ ಬರ್ತೈತಿ. ನಿಮ್ಮದ ಲ್ಯಾಪ್‌ಟಾಪ್ ಆದ್ರ ಅದರ ಪರದೆನ ಸಾಕು. ಅಲ್ಲಿಂದ ರೀಸೆಟ್-ಆಲ್ ಫೈಲ್ ಓಡಿಸಿ ರೀಬೂಟ್ ಮಾಡ್ರಿ, ಎಲ್ಲಾ ಮೊದಲಿನಂಗ. ಬ್ಯಾರೆ ಪರದೆ ಇಲ್ಲದವರು ಸೇಫ್ ಮೋಡಿನಾಗ ಹೋಗಿ ಅದನ್ನ ಮಾಡಬಹುದು. ಆ ಫೈಲು ಡೆಸ್ಕ್‌ಟಾಪಿನ ಮ್ಯಾಲೆ ಇಟ್ಟ ಶುರು ಮಾಡ್ರಿ.

ಸುಮ್ನೆಓದುವವಳು

ತುಂಬಾ ಥ್ಯಾಂಕ್ಸ್ ಅಣ್ಣ. ರೀಸೆಟ್ ಫೈಲ್ ಮೊದಲು ಹೊರಗಿಟ್ಟು ಆಮೇಲೆ ಮಾಡ್ತೀನಿ.

ಪೆಂಗ್ವಿನ್_ಪಕ್ಷ

ಲಿನಕ್ಸ್‌ನವ್ರಿಗೆ ಎರಡೇ ಮಾತು. ಎಕ್ಸ್11ನಲ್ಲಿದ್ರೆ ಸಿವಿಟಿ ಕಮಾಂಡ್‌ಗೆ ರೆಡ್ಯೂಸ್ಡ್ ಆಯ್ಕೆ ಕೊಟ್ಟು ಬಂದ ಸಾಲನ್ನ ಎಕ್ಸ್‌ರ್ಯಾಂಡರ್‌ಗೆ ಹೊಸ ಮೋಡ್ ಆಗಿ ಸೇರಿಸಿದ್ರೆ ಮುಗೀತು, ರೀಬೂಟ್ ಆದ್ರೆ ಹೋಗುತ್ತೆ, ಲಾಗಿನ್ ಸ್ಕ್ರಿಪ್ಟ್‌ಗೆ ಹಾಕ್ಕೊಳ್ಳಿ. ವೇಲ್ಯಾಂಡ್‌ನಲ್ಲಿ ಎಕ್ಸ್‌ರ್ಯಾಂಡರ್ ಮಾತು ನಡೆಯಲ್ಲ, ತಿದ್ದಿದ ಇಡಿಐಡಿ ಫೈಲ್‌ನ ಫರ್ಮ್‌ವೇರ್ ಫೋಲ್ಡರ್‌ನಲ್ಲಿಟ್ಟು ಕರ್ನಲ್ ಬೂಟ್ ಸಾಲಲ್ಲಿ ಹೆಸರು ಹೇಳಿದ್ರೆ ಯಾವ ಡೆಸ್ಕ್‌ಟಾಪ್ ಆದ್ರೂ ಒಪ್ಪುತ್ತೆ. ಕೈಯಲ್ಲಿ ಬೈಟ್ ತಿದ್ದೋರು ಕೊನೇ ಬೈಟ್ ಮರೀಬೇಡಿ, 128 ಬೈಟ್ ಕೂಡಿದ್ರೆ ಮೊತ್ತ 256ರಿಂದ ಶೇಷವಿಲ್ಲದೆ ಭಾಗ ಹೋಗ್ಬೇಕು.

ಅಗಲಪರದೆ

ಇನ್‌ಪುಟ್ ಹೆಸರು ಪಿಸಿ ಅಂತ ಕೊಟ್ಟೆ, ಕೆಂಪು ಅಕ್ಷರ ಚಾಕು ಥರ ಚೂಪು. ಓವರ್‌ಸ್ಕ್ಯಾನ್ ಕೂಡ ಅದ್ರ ಜೊತೆಗೇ ಹೋಯ್ತು. ಗೆರೆ ಪರೀಕ್ಷೇಲಿ ಒಂದೂ ಪಟ್ಟೆ ಇಲ್ಲ.

ಆದ್ರೆ ಟೀವಿ ಆಫ್ ಮಾಡಿ ಆನ್ ಮಾಡಿದ್ರೆ ವಾಪಸ್ 1920×1080ಗೆ ಬೀಳುತ್ತೆ, ಪ್ರತಿ ಸಲ ಕೈಯಲ್ಲಿ ಬದಲಾಯಿಸ್ಬೇಕು. ಮತ್ತೆ ಸಿನೆಮಾ. ಈಗ ಸುತ್ತಲೂ ಕಪ್ಪು ಪಟ್ಟಿ, ಮೇಲೂ ಕೆಳಗೂ ಎಡಕ್ಕೂ ಬಲಕ್ಕೂ, ಚಿತ್ರ ನಡುವಿನಲ್ಲಿ ಸಣ್ಣದಾಗಿ ಕೂತಿದೆ. ಮೊದಲು ಟೀವಿ ಜೂಮ್ ಬಳಸ್ತಿದ್ದೆ, ಪಿಸಿ ಮೋಡ್‌ನಲ್ಲಿ ಅದು ಇಲ್ಲ.

ನಿಧಾನವೇ_ಪ್ರಧಾನ

ಬೀಳೋದಕ್ಕೆ ಕಾರಣ, ಟೀವಿ ಆನ್ ಆದಾಗೆಲ್ಲ ಕಾರ್ಡ್ ಜಾತಕ ಮತ್ತೆ ಓದುತ್ತೆ, ಅದ್ರಲ್ಲಿ ಮೊದಲನೇದು 1920×1080. ಗಟ್ಟಿಪಟ್ಟು ಮೇಲೆ ಹೇಳಿದ ಸಿಆರ್‌ಯು ದಾರೀನೇ ನಿಮಗೂ, 2560×1080ನ ಮೊದಲನೇ ಜಾಗಕ್ಕೆ ಏರಿಸಿ, ಎನ್ವಿಡಿಯಾದಲ್ಲಿ ಮಾಡಿದ ಕಸ್ಟಮ್ ಅಳಿಸಿಬಿಡಿ, ಎರಡೂ ಕಡೆ ಇದ್ರೆ ಯಾವುದು ಓಡ್ತಿದೆ ಅಂತ ಗೊತ್ತಾಗಲ್ಲ. ಡ್ರೈವರ್‌ನ ಕ್ಲೀನ್ ಇನ್‌ಸ್ಟಾಲ್ ಮಾಡಿದ್ರೆ ಡ್ರೈವರ್ ಒಳಗಿನ ಕಸ್ಟಮ್ ಹೋಗುತ್ತೆ, ರಿಜಿಸ್ಟ್ರಿಲಿರೋದು ಉಳಿಯುತ್ತೆ, ಅದೊಂದು ಅನುಕೂಲ.

ಸಿನೆಮಾ ವಿಷ್ಯಕ್ಕೆ ಬಂದ್ರೆ, 2.39ರ ಸಿನೆಮಾನ ಡಿಸ್ಕ್‌ಗಾಗ್ಲಿ ಸ್ಟ್ರೀಮಿಂಗ್‌ಗಾಗ್ಲಿ 16:9 ಚೌಕಟ್ಟಿನೊಳಗೆ ತುಂಬಿರ್ತಾರೆ, ಕಪ್ಪು ಪಟ್ಟಿ ಕೂಡ ಆ ವಿಡಿಯೋದ ಭಾಗವೇ. 1920×1080ರಲ್ಲಿ ನಿಜವಾದ ಚಿತ್ರ ಸುಮಾರು 800 ಸಾಲು ಅಷ್ಟೇ, ಉಳಿದದ್ದು ಬಳಿದ ಕಪ್ಪು. ಆ 16:9 ಪೂರ್ತಿ ನಿಮ್ಮ ಅಗಲ ಪರದೆ ನಡುವೆ ಕೂತಾಗ ಪಕ್ಕದ ಪಟ್ಟಿ ಬೇರೆ ಸೇರಿ ನಾಲ್ಕೂ ಕಡೆ ಆಗುತ್ತೆ. ಪ್ಲೇಯರ್‌ನಲ್ಲೇ ಕ್ರಾಪ್ ಮಾಡಿ, ವಿಎಲ್‌ಸಿಲಿ ವಿಡಿಯೋ ಮೆನು ಒಳಗೆ ಕ್ರಾಪ್, 2.39:1. ಎಂಪಿವಿ ಇದ್ರೆ ಪ್ಯಾನ್‌ಸ್ಕ್ಯಾನ್ ಹೆಚ್ಚಿಸಿ. ಟೀವಿ ಜೂಮ್‌ಗಿಂತ ಇದು ಎಷ್ಟೋ ವಾಸಿ, ಯಾಕಂದ್ರೆ ಸಬ್‌ಟೈಟಲ್ ಫೈಲ್ ಬೇರೆ ಇದ್ರೆ ಪ್ಲೇಯರ್ ಅದನ್ನ ಕ್ರಾಪ್ ಆದ ಮೇಲೆ ಚಿತ್ರದ ಮೇಲೇ ಬರೆಯುತ್ತೆ, ಟೀವಿ ಜೂಮ್‌ನಲ್ಲಿ ಕೆಳಗಿನ ಪಟ್ಟಿಲಿದ್ದ ಸಬ್‌ಟೈಟಲ್ ಪರದೆಯಿಂದ ಆಚೆ ಹೋಗಿಬಿಡುತ್ತೆ. ಕೆಲವು ಸಿನೆಮಾಗಳು ನಡುನಡುವೆ ಐಮ್ಯಾಕ್ಸ್ ಅಳತೆಗೆ ಬದಲಾಗ್ತವೆ, ಅವಕ್ಕೆ ಕ್ರಾಪ್ ಹಾಕಿದ್ರೆ ತಲೆಗಳು ಕತ್ತರಿಸ್ತವೆ, ಆಗ ತೆಗೀರಿ.

ಕಡಲಕಾಗೆ

ನೋಡಿ, ಕಡೆಗೆ ಸಿನೆಮಾಕ್ಕೇ ಬಂತು.

ಅಗಲಪರದೆ

😂 ಹೂಂ ಕಾಗೆಯವ್ರೆ. ಸಿಆರ್‌ಯುನಲ್ಲಿ ಮೊದಲನೇ ಜಾಗಕ್ಕೆ ಹಾಕಿದ್ಮೇಲೆ ಟೀವಿ ಆಫ್ ಆನ್ ಮಾಡಿದ್ರೂ ಅಲ್ಲಾಡ್ತಿಲ್ಲ. ಇದೇ ಥರ ಟೀವಿ ಇರೋರಿಗೆ ಬೇಕಾಗ್ಬಹುದು ಅಂತ ಟೈಮಿಂಗ್‌ನ ಮ್ಯಾನ್ಯುಅಲ್ ಆಯ್ಕೇಲಿ ಹಾಕೋ ಪೂರ್ತಿ ನಂಬರ್ ಬರೀತೀನಿ: ಅಡ್ಡಕ್ಕೆ ಆಕ್ಟಿವ್ 2560, ಫ್ರಂಟ್ ಪೋರ್ಚ್ 48, ಸಿಂಕ್ 32, ಒಟ್ಟು 2720, ಉದ್ದಕ್ಕೆ ಆಕ್ಟಿವ್ 1080, ಫ್ರಂಟ್ ಪೋರ್ಚ್ 3, ಸಿಂಕ್ 10, ಒಟ್ಟು 1111, ಪಿಕ್ಸೆಲ್ ಕ್ಲಾಕ್ 181.25, ಅಡ್ಡ ಸಿಂಕ್ ಪ್ಲಸ್, ಉದ್ದ ಸಿಂಕ್ ಮೈನಸ್. ಸೌಂಡ್‌ನ ಟೀವಿಯ ಆಪ್ಟಿಕಲ್ ಔಟ್‌ನಿಂದ ರಿಸೀವರ್‌ಗೆ ತಗೊಂಡಿದ್ದೀನಿ, ಅಲ್ಲಿಗೆ ಪಿಸಿಗೂ ಟೀವಿಗೂ ಮಧ್ಯೆ ಯಾರೂ ಇಲ್ಲ.

ಹಳೇಕಾರ್ಡು

ನನ್ನ ಕಾರ್ಡ್ 165 ಮೆಗಾಹರ್ಟ್ಜ್ ಮೇಲೆ ಹೋಗಲ್ಲ, ಅಂದ್ರೆ ಇದು ನಂಗಿಲ್ವಾ?

ಗಟ್ಟಿಪಟ್ಟು

60ರ ಬದಲಿ 50 ಹರ್ಟ್ಜ್ ಹಾಕ್ರಿ, ರೆಡ್ಯೂಸ್ಡ್ ಬ್ಲಾಂಕ್ ಇದ್ರ 150ರ ಆಸುಪಾಸಿಗೆ ಇಳೀತೈತಿ. ಟೀವಿ 50 ತಗೊಂಡ್ರ ಆತು. ಮೌಸ್ ಒಂಚೂರ ಎಳದಂಗ ಅನಸ್ತೈತಿ, ಅಷ್ಟ.